ಸರ್ಕಾರದ ಆಯುಸ್ಸೋ, ಖಾತೆಯ ಆಯುಸ್ಸೋ: ಮಂತ್ರಿಮಂಡಲಗಳನ್ನು ಹೋಲಿಸಿ ನೋಡುವವರಿಗೆ

ನನ್ನ ಮೇಜಿನ ಕೆಳಗಿನ ಖಾನೆಯಲ್ಲಿ ಒಂದು ನೀಲಿ ಫೈಲ್ ಇದೆ. ಅದರೊಳಗೆ ಒಂದೇ ಅರ್ಜಿಯ ಐದು ಪ್ರತಿಗಳಿವೆ. ನಮ್ಮೂರ ಕೆರೆಯ ಕೋಡಿ ಕಿತ್ತುಹೋಗಿದೆ, ರಾಜಕಾಲುವೆಯಲ್ಲಿ ಹೂಳು ತುಂಬಿದೆ, ದುರಸ್ತಿ ಮಾಡಿಸಿಕೊಡಬೇಕು ಎಂಬುದಷ್ಟೇ ಅದರ ಸಾರಾಂಶ. ಐದರಲ್ಲೂ ಒಕ್ಕಣೆ ಒಂದೇ. ಬದಲಾಗಿರುವುದು ಮೇಲುಗಡೆ ಬರೆದ ಸಚಿವರ ಹೆಸರು ಮತ್ತು ಮೂಲೆಯಲ್ಲಿ ಒತ್ತಿದ ಸ್ವೀಕೃತಿ ಮೊಹರಿನ ತಾರೀಖು. ಕೆರೆ ನೀರು ಬಳಸುವ ರೈತರ ಪರವಾಗಿ ಐದೂ ಸಲ ಬರೆದುಕೊಟ್ಟವನು ನಾನೇ. ಕೋಲಾರ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವುದು ನನ್ನ ವೃತ್ತಿ.

ಆ ಐವರು ಸಚಿವರಲ್ಲಿ ಒಬ್ಬರನ್ನು ನಾನು ಮರೆಯಲಾರೆ. ಬೇರೆಯವರು ಅರ್ಜಿ ತೆಗೆದುಕೊಂಡು ಆಪ್ತ ಸಹಾಯಕರ ಕೈಗೆ ದಾಟಿಸಿ, ನೋಡೋಣ ಎಂದು ಕಳಿಸಿದ್ದರು. ಇವರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿದರು. "ಮೇಷ್ಟ್ರೇ, ಅಚ್ಚುಕಟ್ಟು ಎಷ್ಟು ಎಕರೆ? ಹಿಂದೆ ಒಂದು ಅಂದಾಜು ಪಟ್ಟಿ ಆಗಿದೆ ಎನ್ನುತ್ತೀರಿ, ಅದು ಯಾವ ವರ್ಷದ ದರಪಟ್ಟಿಯ ಮೇಲೆ ಮಾಡಿದ್ದು? ದರ ಹಳೆಯದಾಗಿದ್ದರೆ ಟೆಂಡರಿಗೆ ಯಾರೂ ಬರುವುದಿಲ್ಲ" ಎಂದರು. ಆ ಇಲಾಖೆಯಲ್ಲಿ ಎರಡು ವರ್ಷ ಕಳೆದವರಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಪಟ್ಟಿಯನ್ನು ಪರಿಷ್ಕರಿಸಿ ಕಳಿಸುವಂತೆ ಎಂಜಿನಿಯರಿಗೆ ಅಲ್ಲಿಂದಲೇ ಫೋನ್ ಹೋಯಿತು. ಪರಿಷ್ಕೃತ ಪಟ್ಟಿ ಬೆಂಗಳೂರು ತಲುಪುವ ಹೊತ್ತಿಗೆ ಸಂಪುಟ ಪುನಾರಚನೆಯಾಗಿ ಅವರ ಖಾತೆ ಬದಲಾಗಿತ್ತು. ಸರ್ಕಾರ ಅದೇ, ಪಕ್ಷ ಅದೇ, ಮುಖ್ಯಮಂತ್ರಿಯೂ ಅವರೇ. ಹೊಸ ಸಚಿವರು ಕೇಳಿದ ಮೊದಲ ಮಾತು: "ವಿಷಯ ಏನು? ಮೊದಲಿನಿಂದ ಹೇಳಿ."

ಸ್ಥಿರ ಸರ್ಕಾರ ಎಂಬ ಮಾತನ್ನು ಕೇಳಿದ ಕೂಡಲೇ ತಲೆಯಾಡಿಸುವುದನ್ನು ನಾನು ಬಿಟ್ಟದ್ದು ಆವತ್ತು. ಈಚೆಗೆ ಯುವ ಸಂಸತ್ತಿನ ಸ್ಪರ್ಧೆಗೆ ತಯಾರಾಗುತ್ತಿದ್ದ ವಿದ್ಯಾರ್ಥಿಗಳು ಚರ್ಚೆಗೆ ಆರಿಸಿಕೊಂಡದ್ದು ಇದೇ ವಿಷಯ: ಗಟ್ಟಿಯಾಗಿ ನಿಲ್ಲುವ ಸರ್ಕಾರ ಬೇಕೋ, ಪಳಗಿದ ಮಂತ್ರಿಗಳು ಬೇಕೋ? ಎರಡೂ ಬೇಕು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಸಂಸದೀಯ ಪದ್ಧತಿ ಇರುವ ದೇಶಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಎರಡೂ ಒಂದೇ ಕಡೆ ಕೂಡಿ ಬಂದದ್ದು ಅಪರೂಪ. ಆದ್ದರಿಂದ ಆಯ್ಕೆ ಮಾಡಲೇಬೇಕಾಗುತ್ತದೆ. ಚರ್ಚೆಗೆ ಇಳಿಯುವ ಮಕ್ಕಳಿಗೆ, ಮತ ಹಾಕುವ ಮುಂಚೆ ಒಂದು ಗಳಿಗೆ ಯೋಚಿಸುವವರಿಗೆ, ನನ್ನಂತೆ ಫೈಲ್ ಹಿಡಿದು ಓಡಾಡುವವರಿಗೆ ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೂರು ಆಯುಸ್ಸುಗಳನ್ನು ಬಿಡಿಸಿಕೊಳ್ಳಿ

ಸ್ಥಿರತೆ ಎಂಬ ಒಂದೇ ಪದದ ಕೆಳಗೆ ನಾವು ಮೂರು ಸಂಗತಿಗಳನ್ನು ಕಲಸಿಬಿಡುತ್ತೇವೆ. ಪಕ್ಷವೊಂದು ಅಧಿಕಾರದಲ್ಲಿ ಎಷ್ಟು ದಿನ ಇತ್ತು ಎಂಬುದು ಒಂದು. ಮುಖ್ಯಮಂತ್ರಿ ಅಥವಾ ಪ್ರಧಾನಿ ಎಷ್ಟು ದಿನ ಇದ್ದರು ಎಂಬುದು ಇನ್ನೊಂದು. ಒಂದು ಖಾತೆ ಒಬ್ಬರ ಕೈಯಲ್ಲಿ ಎಷ್ಟು ದಿನ ಉಳಿಯಿತು ಎಂಬುದು ಮೂರನೆಯದು. ಪತ್ರಿಕೆಗಳು ಮೊದಲ ಎರಡನ್ನು ಎಣಿಸುತ್ತವೆ. ಮೂರನೆಯದನ್ನು ಎಣಿಸುವವರು ಕಡಿಮೆ.

ನಮ್ಮ ರಾಜ್ಯದ ಲೆಕ್ಕವನ್ನೇ ನೋಡಿ. 2008ರಿಂದ 2013ರವರೆಗೆ ಒಂದೇ ಪಕ್ಷ ಆಳಿತು, ಆದರೆ ಯಡಿಯೂರಪ್ಪ, ಸದಾನಂದ ಗೌಡ, ಜಗದೀಶ ಶೆಟ್ಟರ್ ಎಂದು ಮೂವರು ಮುಖ್ಯಮಂತ್ರಿಗಳಾದರು. 2013ರಿಂದ 2018ರವರೆಗೆ ಸಿದ್ದರಾಮಯ್ಯ ಐದು ವರ್ಷ ಪೂರ್ಣಗೊಳಿಸಿದರು. ದೇವರಾಜ ಅರಸರ ನಂತರ ಹಾಗೆ ಪೂರ್ಣಾವಧಿ ಮುಗಿಸಿದವರು ಅವರೇ ಎಂದು ಎಲ್ಲೆಡೆ ಹೇಳಲಾಯಿತು, ಅದು ನಿಜವೂ ಹೌದು. ಆದರೆ ಅದೇ ಅವಧಿಯ ನಡುವೆ, 2016ರ ಜೂನ್‌ನಲ್ಲಿ, 14 ಸಚಿವರನ್ನು ಕೈಬಿಟ್ಟು 13 ಹೊಸಬರನ್ನು ತೆಗೆದುಕೊಳ್ಳಲಾಯಿತು. ಹೊರಗಿನಿಂದ ನೋಡಿದರೆ ಬಂಡೆಯಂತೆ ನಿಂತ ಸರ್ಕಾರ. ಒಳಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುರ್ಚಿಗಳಲ್ಲಿ ಹೊಸ ಮುಖ.

ಇಂಥ ಪುನಾರಚನೆಗೆ ಒಂದು ಕಾರಣ ಕಾನೂನಿನಲ್ಲೇ ಇದೆ. 2003ರ 91ನೇ ತಿದ್ದುಪಡಿಯ ಪ್ರಕಾರ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇಕಡ 15ನ್ನು ಮೀರುವಂತಿಲ್ಲ. 224 ಸದಸ್ಯರ ಸಭೆಯಲ್ಲಿ ಅದು 34ಕ್ಕೆ ನಿಲ್ಲುತ್ತದೆ. ಹಿಂದೆ ಆಕಾಂಕ್ಷಿಗಳು ಹೆಚ್ಚಾದರೆ ಸಂಪುಟವನ್ನೇ ಹಿಗ್ಗಿಸುತ್ತಿದ್ದರು. ಈಗ ಹಿಗ್ಗಿಸುವ ಹಾಗಿಲ್ಲದ್ದರಿಂದ ಸರದಿ ಹಚ್ಚುತ್ತಾರೆ: ಅರ್ಧ ಅವಧಿ ಒಬ್ಬರಿಗೆ, ಉಳಿದರ್ಧ ಮತ್ತೊಬ್ಬರಿಗೆ. ತಿದ್ದುಪಡಿ ಒಳ್ಳೆಯದೇ, ಅದನ್ನು ತಂದದ್ದು ಸರಿಯೇ. ಆದರೆ ಅದರ ಭಾರ ಖಾತೆಯ ಆಯುಸ್ಸಿನ ಮೇಲೆ ಬಿದ್ದಿದೆ ಎಂಬುದನ್ನೂ ಹೇಳಬೇಕು.

ಅನುಭವ ಎಂಬುದೂ ಒಂದೇ ಬಗೆಯದಲ್ಲ. ಸದನದ ಅನುಭವ ಬೇರೆ, ಖಾತೆಯ ಅನುಭವ ಬೇರೆ, ವೃತ್ತಿಯಿಂದ ಬಂದ ತಿಳಿವಳಿಕೆ ಬೇರೆ. ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಕೆ.ಆರ್. ರಮೇಶ್ ಕುಮಾರ್ 1994ರಲ್ಲೇ ವಿಧಾನಸಭಾಧ್ಯಕ್ಷರಾದವರು. 2016ರ ಪುನಾರಚನೆಯಲ್ಲಿ ಆರೋಗ್ಯ ಸಚಿವರಾದಾಗ ಅವರ ಕೈಯಲ್ಲಿ ಎರಡು ವರ್ಷವೂ ಇರಲಿಲ್ಲ. ಆದರೂ 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆಯನ್ನು ಸದನಕ್ಕೆ ತಂದರು, ವೈದ್ಯರ ಮುಷ್ಕರ ಎದುರಿಸಿದರು, ಕೆಲವು ಅಂಶಗಳನ್ನು ಸಡಿಲಿಸಿಯಾದರೂ ಅಂಗೀಕಾರ ಮಾಡಿಸಿದರು. ಅಲ್ಲಿ ಕೆಲಸ ಮಾಡಿದ್ದು ಸದನದ ಅನುಭವ. ಚಿಕ್ಕಬಳ್ಳಾಪುರದ ಕೆ. ಸುಧಾಕರ್ ಓದಿನಿಂದ ವೈದ್ಯರು. 2020ರ ಫೆಬ್ರವರಿಯಲ್ಲಿ ವೈದ್ಯಕೀಯ ಶಿಕ್ಷಣ ಸಚಿವರಾದರು, ಮರುತಿಂಗಳೇ ಕೋವಿಡ್ ಬಂದಿತು. ಆಗ ಆರೋಗ್ಯ ಖಾತೆ ಇನ್ನೊಬ್ಬರ ಬಳಿ ಇತ್ತು, ಅಕ್ಟೋಬರ್‌ನಲ್ಲಿ ಎರಡೂ ಸುಧಾಕರ್ ಅವರ ಕೈಗೆ ಬಂದವು. ಆಸ್ಪತ್ರೆಗಳೆಲ್ಲ ತುಂಬಿದ್ದ ಕಾಲದಲ್ಲಿ ಒಂದೇ ರೋಗಕ್ಕೆ ಎಂಟು ತಿಂಗಳು ಎರಡು ಖಾತೆ, ಇಬ್ಬರು ಸಚಿವರು. ವೃತ್ತಿಯ ತಿಳಿವಳಿಕೆ ಎಷ್ಟೇ ಇದ್ದರೂ ಖಾತೆಯ ಗಡಿ ಎಲ್ಲಿ ಎಂಬುದು ಇತ್ಯರ್ಥವಾಗದೆ ಅದು ಪೂರ್ತಿ ಉಪಯೋಗಕ್ಕೆ ಬರುವುದಿಲ್ಲ.

ಒಂದನೆಯ ದಾರಿ: ಗಟ್ಟಿ ಬಹುಮತ, ಬದಲಾಗುವ ಮಂತ್ರಿ

ಬ್ರಿಟನ್ ಇದರ ಮಾದರಿ. ಅಲ್ಲಿ ಮಂತ್ರಿಯಾಗುವವರು ಏಣಿಯ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾರೆ. ಮೊದಲು ಹಿಂದಿನ ಬೆಂಚಿನ ಸದಸ್ಯ, ಆಮೇಲೆ ಕಿರಿಯ ಮಂತ್ರಿ, ಆಮೇಲೆ ರಾಜ್ಯ ಮಂತ್ರಿ, ಕೊನೆಗೆ ಸಂಪುಟ. ವಿರೋಧ ಪಕ್ಷದಲ್ಲಿದ್ದಾಗಲೂ ನೆರಳು ಮಂತ್ರಿಮಂಡಲದಲ್ಲಿ ಒಂದು ವಿಷಯವನ್ನು ಹಿಡಿದು ಅಭ್ಯಾಸ ಮಾಡುವ ಅವಕಾಶ ಇದೆ. ಈ ತರಬೇತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮಲ್ಲಿ ಇದಕ್ಕೆ ಸಮನಾದದ್ದು ಇಲ್ಲ.

ಆದರೆ 2022ರಲ್ಲಿ ಅಲ್ಲಿ ಏನಾಯಿತು ನೋಡಿ. 2019ರ ಡಿಸೆಂಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷ 80 ಸ್ಥಾನಗಳ ಬಹುಮತದಿಂದ ಗೆದ್ದಿತ್ತು. ಸರ್ಕಾರ ಬೀಳುವ ಭಯವೇ ಇರಲಿಲ್ಲ. ಆದರೂ 2022ರ ಒಂದೇ ವರ್ಷದಲ್ಲಿ ಮೂವರು ಪ್ರಧಾನಿಗಳು, ನಾಲ್ವರು ಹಣಕಾಸು ಮಂತ್ರಿಗಳು, ಐವರು ಶಿಕ್ಷಣ ಮಂತ್ರಿಗಳು ಬಂದುಹೋದರು. ಜುಲೈನಲ್ಲಿ ಶಿಕ್ಷಣ ಮಂತ್ರಿಯಾದ ಮಿಷೆಲ್ ಡೊನೆಲನ್ ಎರಡೇ ದಿನಕ್ಕೆ ರಾಜೀನಾಮೆ ಕೊಟ್ಟರು. ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಇದ್ದದ್ದು 38 ದಿನ. ಅವರು ಮಂಡಿಸಿದ ತೆರಿಗೆ ಕಡಿತದ ಪ್ರಸ್ತಾವದಿಂದ ಪೌಂಡ್ ಕುಸಿದು ಸಾಲದ ಬಡ್ಡಿ ಏರಿತು. ಬಹುಮತ ಎಷ್ಟೇ ದೊಡ್ಡದಿದ್ದರೂ ಮಂತ್ರಿಗಳ ಕುರ್ಚಿ ಅದರಿಂದ ಭದ್ರವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಒಂದು ರೀತಿಯಲ್ಲಿ ನೋಡಿದರೆ, ಸರ್ಕಾರ ಬೀಳುವುದಿಲ್ಲ ಎಂಬ ಧೈರ್ಯವೇ ಪ್ರಧಾನಿಯ ಕೈಯಲ್ಲಿ ಮಂತ್ರಿಗಳನ್ನು ಸುಲಭವಾಗಿ ಆಚೀಚೆ ಮಾಡಿಸುತ್ತದೆ. ಮೈತ್ರಿ ಸರ್ಕಾರದಲ್ಲಾದರೆ ಒಂದು ಖಾತೆ ಮುಟ್ಟಬೇಕಾದರೂ ಇನ್ನೊಂದು ಪಕ್ಷದ ಒಪ್ಪಿಗೆ ಬೇಕು.

ಈ ದಾರಿಯ ಗುಣ ವೇಗ. ಕಾನೂನು ಬೇಗ ಆಗುತ್ತದೆ, ಯಾರು ಹೊಣೆ ಎಂಬುದು ಮತದಾರನಿಗೆ ಸ್ಪಷ್ಟವಾಗಿ ಕಾಣುತ್ತದೆ. ನಿಮಗೆ ಬೇಕಾದದ್ದು ಒಂದು ಹೊಸ ಕಾನೂನಾದರೆ ಇದು ಸಾಕು. ಹತ್ತು ವರ್ಷ ಹಿಡಿಯುವ ಕೆಲಸವಾದರೆ ಸಾಲದು.

ಎರಡನೆಯದು: ಬೀಳುವ ಸರ್ಕಾರ, ಉಳಿಯುವ ಮಂತ್ರಿ

ಇದನ್ನು ಹೇಳಿದಾಗ ಮಕ್ಕಳು ನಂಬಲಿಲ್ಲ. ಫ್ರಾನ್ಸಿನ ನಾಲ್ಕನೇ ಗಣರಾಜ್ಯ 1946ರಿಂದ 1958ರವರೆಗೆ ಇತ್ತು. ಆ 12 ವರ್ಷಗಳಲ್ಲಿ 20ಕ್ಕೂ ಹೆಚ್ಚು ಸರ್ಕಾರಗಳು ಬಂದವು. ಅಸ್ಥಿರತೆಗೆ ಪಠ್ಯಪುಸ್ತಕಗಳು ಕೊಡುವ ಮೊದಲ ಉದಾಹರಣೆಯೇ ಅದು. ಆದರೆ ವಿದೇಶಾಂಗ ಖಾತೆಯನ್ನು ಮಾತ್ರ ತೆಗೆದು ನೋಡಿ. 1944ರಿಂದ 1954ರವರೆಗಿನ ಹತ್ತು ವರ್ಷಗಳಲ್ಲಿ, ಲಿಯೋನ್ ಬ್ಲಮ್ ಅವರ ಒಂದು ತಿಂಗಳ ಸರ್ಕಾರವನ್ನು ಬಿಟ್ಟರೆ, ಆ ಖಾತೆ ಇದ್ದದ್ದು ಇಬ್ಬರ ಬಳಿ: ಜಾರ್ಜ್ ಬಿದೋ ಮತ್ತು ರಾಬರ್ಟ್ ಶುಮಾನ್. ಶುಮಾನ್ 1948ರ ಜುಲೈನಿಂದ 1953ರ ಜನವರಿವರೆಗೆ ಒಂದೇ ಸಮನೆ ಇದ್ದರು. ಆ ನಾಲ್ಕೂವರೆ ವರ್ಷಗಳಲ್ಲಿ ಅವರ ತಲೆಯ ಮೇಲೆ ಎಂಟಕ್ಕೂ ಹೆಚ್ಚು ಸರ್ಕಾರಗಳು ಉರುಳಿದವು. 1950ರ ಮೇ 9ರಂದು ಕಲ್ಲಿದ್ದಲು ಮತ್ತು ಉಕ್ಕನ್ನು ಜರ್ಮನಿಯೊಡನೆ ಒಂದೇ ಆಡಳಿತಕ್ಕೆ ತರುವ ಘೋಷಣೆ ಮಾಡಿದವರು ಅವರೇ. ಇಂದಿನ ಯುರೋಪಿಯನ್ ಒಕ್ಕೂಟದ ಬೇರು ಅಲ್ಲಿದೆ. ದಿನಬೆಳಗಾದರೆ ಸರ್ಕಾರ ಬೀಳುತ್ತಿದ್ದ ದೇಶದಿಂದ ಅಂಥ ದೂರದೃಷ್ಟಿಯ ಕೆಲಸ ಆಯಿತೆಂದರೆ ಖಾತೆ ಒಂದೇ ಕೈಯಲ್ಲಿ ಉಳಿದದ್ದು ಒಂದು ಮುಖ್ಯ ಕಾರಣ ಎಂದು ನಾನು ನಂಬುತ್ತೇನೆ. ಫ್ರಾನ್ಸಿನ ನಾಲ್ಕನೇ ಮತ್ತು ಐದನೇ ಗಣರಾಜ್ಯಗಳನ್ನು ಎದುರುಬದುರು ಇಟ್ಟು ನೋಡಿದ ವಿದ್ವಾಂಸರೂ, ಸರ್ಕಾರ ಬಿದ್ದ ಮಾತ್ರಕ್ಕೆ ಮಂತ್ರಿಗಳ ಅನುಭವವೂ ಮಣ್ಣುಪಾಲಾಗುತ್ತದೆ ಎಂದು ಎಣಿಸಬಾರದು ಎಂದಿದ್ದಾರೆ.

ಇಟಲಿಯದೂ ಇದೇ ಜಾಡು. ಜೂಲಿಯೊ ಆಂಡ್ರಿಯೊಟ್ಟಿ 1947ರಲ್ಲಿ ಕಿರಿಯ ಮಂತ್ರಿಯಾಗಿ ಒಳಗೆ ಬಂದವರು 1992ರವರೆಗೂ ಏಳು ಸರ್ಕಾರಗಳ ಮುಖ್ಯಸ್ಥರಾದರು. ಮುಖಗಳು ಅವೇ, ಕುರ್ಚಿಗಳ ಜೋಡಣೆ ಮಾತ್ರ ಬೇರೆ.

ಹಾಗೆಂದು ಇದನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಫ್ರಾನ್ಸಿಗೆ ತನ್ನ ಹಿಡಿತದಲ್ಲಿದ್ದ ಅಲ್ಜೀರಿಯಾದ ಸ್ವಾತಂತ್ರ್ಯದ ಪ್ರಶ್ನೆ ಎದುರಾದಾಗ ಕಹಿ ನಿರ್ಧಾರ ತೆಗೆದುಕೊಳ್ಳುವ ಬಲ ಯಾವ ಸರ್ಕಾರಕ್ಕೂ ಇರಲಿಲ್ಲ. ಅನುಭವಿ ಮಂತ್ರಿಗಳು ಇದ್ದರು, ಅವರ ಬೆನ್ನಿಗೆ ನಿಲ್ಲುವ ಸದನ ಇರಲಿಲ್ಲ. 1958ರಲ್ಲಿ ಆ ಗಣರಾಜ್ಯವೇ ಕುಸಿದು ಸೇನಾನಿ ಡಿಗಾಲ್ ಅಧಿಕಾರಕ್ಕೆ ಬಂದರು. ನಡೆಯುತ್ತಿರುವ ಕೆಲಸವನ್ನು ಮುಂದುವರಿಸಲು ಅನುಭವ ಸಾಕು. ನೋವಾಗುವ ಕೆಲಸಕ್ಕೆ ಕೈ ಹಾಕಬೇಕಾದರೆ ಬಹುಮತವೂ ಬೇಕು.

ಮೂರನೆಯದು: ಕೆಡವಬೇಕಾದರೆ ಕಟ್ಟಿ ತೋರಿಸಬೇಕು

ನನಗೆ ಹೆಚ್ಚು ಹಿಡಿಸಿದ ದಾರಿ ಇದು. ಜರ್ಮನಿಯ ಮೂಲ ಕಾನೂನಿನ, ಅಂದರೆ ಸಂವಿಧಾನದ, 67ನೇ ವಿಧಿಯ ಪ್ರಕಾರ ಪ್ರಧಾನಿಯ (ಅಲ್ಲಿ ಚಾನ್ಸಲರ್ ಎನ್ನುತ್ತಾರೆ) ಮೇಲೆ ಬರೀ ಅವಿಶ್ವಾಸ ಸೂಚಿಸಿದರೆ ಸಾಲದು. ಅವರ ಜಾಗಕ್ಕೆ ಯಾರು ಎಂಬುದನ್ನು ಅದೇ ಮತದಲ್ಲಿ ಬಹುಮತದಿಂದ ಆರಿಸಬೇಕು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ, ಕೆಡವುವುದಕ್ಕೆ ಒಂದಾಗಿ ಕಟ್ಟುವುದಕ್ಕೆ ಒಂದಾಗದ ಪಕ್ಷಗಳಿಂದ ಪಟ್ಟ ಪಾಡನ್ನು ನೆನಪಿಟ್ಟುಕೊಂಡು ಬರೆದ ವಿಧಿ ಇದು. 1972ರಲ್ಲಿ ವಿಲ್ಲಿ ಬ್ರಾಂಟ್ ಅವರನ್ನು ಇಳಿಸುವ ಪ್ರಯತ್ನ ಎರಡು ಮತಗಳಿಂದ ಸೋತಿತು: ಬೇಕಿದ್ದದ್ದು 249, ಬಂದದ್ದು 247. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದರು. ಒಂದು ದಿನವೂ ಕುರ್ಚಿ ಖಾಲಿ ಬೀಳಲಿಲ್ಲ. ಸ್ಪೇನಿನಲ್ಲೂ ಇದೇ ನಿಯಮ ಇದೆ. 2018ರ ಜೂನ್‌ನಲ್ಲಿ ರಹೋಯ್ ಹೋಗಿ ಸಾಂಚೆಸ್ ಬಂದದ್ದು ಹೀಗೆಯೇ.

ಇದರ ಫಲ ಖಾತೆಗಳ ಮೇಲೂ ಕಾಣುತ್ತದೆ. ಹಾನ್ಸ್ ಡೀಟ್ರಿಷ್ ಗೆನ್ಷರ್ 1974ರಿಂದ 1992ರವರೆಗೆ ಜರ್ಮನಿಯ ವಿದೇಶಾಂಗ ಮಂತ್ರಿಯಾಗಿದ್ದರು. ನಡುವೆ 1982ರಲ್ಲಿ ಎರಡು ವಾರ ಹೊರಗಿದ್ದದ್ದು ಬಿಟ್ಟರೆ 18 ವರ್ಷ ಒಂದೇ ಖಾತೆ. ಪ್ರಧಾನಿ ಬದಲಾದರು, ಎದುರಾಳಿ ಪಕ್ಷ ಅಧಿಕಾರಕ್ಕೆ ಬಂತು, ಗೆನ್ಷರ್ ಮಾತ್ರ ಉಳಿದರು. 1990ರಲ್ಲಿ ಎರಡು ಜರ್ಮನಿಗಳು ಒಂದಾಗುವಾಗ ಮಾತುಕತೆಯ ಮೇಜಿನ ಮುಂದೆ ಕೂತದ್ದು ಹದಿನಾರು ವರ್ಷಗಳ ಪರಿಚಯ, ಹದಿನಾರು ವರ್ಷಗಳ ನೆನಪು ಹೊತ್ತ ಮಂತ್ರಿ.

ಈಗ ನಮ್ಮ ಕಡೆಗೆ ತಿರುಗಿ. ಆಡಳಿತ ಮೈತ್ರಿಕೂಟದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟ ಮೇಲೆ, 2019ರ ಜುಲೈ 23ರಂದು ವಿಧಾನಸಭೆಯಲ್ಲಿ 99ಕ್ಕೆ 105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿದ್ದಿತು. ಹಿಂದಿನ ಮೂರು ವಾರ ಸಚಿವರ ಕೊಠಡಿಗಳಲ್ಲಿ ಏನು ನಡೆಯುತ್ತಿತ್ತೆಂದು ಫೈಲ್ ಹಿಡಿದು ಹೋದವರಿಗೆ ಗೊತ್ತು: ಬಾಗಿಲು ತೆರೆದಿರುತ್ತಿತ್ತು, ಒಳಗೆ ಯಾರೂ ಇರುತ್ತಿರಲಿಲ್ಲ. ಜುಲೈ 26ರಂದು ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ಸ್ವೀಕರಿಸಿದರು. ಸಂಪುಟಕ್ಕೆ 17 ಮಂದಿ ಸೇರಿದ್ದು ಆಗಸ್ಟ್ 20ರಂದು. ಆ 25 ದಿನಗಳಲ್ಲೇ ಉತ್ತರ ಕರ್ನಾಟಕದಲ್ಲಿ ಭೀಕರ ನೆರೆ ಬಂದಿತು. ಕಂದಾಯ ಸಚಿವರಿಲ್ಲ, ಗ್ರಾಮೀಣಾಭಿವೃದ್ಧಿ ಸಚಿವರಿಲ್ಲ, ಒಬ್ಬ ಮನುಷ್ಯ ಎಲ್ಲ ಖಾತೆಗಳನ್ನೂ ಹೊತ್ತು ನೀರಿನಲ್ಲಿ ನಿಂತಿದ್ದ ಊರುಗಳನ್ನು ಸುತ್ತಬೇಕಾಯಿತು. ಪಕ್ಷಾಂತರ ನಿಷೇಧಕ್ಕೆ 1985ರಿಂದ ಸಂವಿಧಾನದ ಹತ್ತನೇ ಅನುಸೂಚಿ ಇದೆ. 17 ಶಾಸಕರನ್ನು ಅನರ್ಹಗೊಳಿಸಿದ್ದೂ ಆಯಿತು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು ಉಪಚುನಾವಣೆಗೆ ನಿಲ್ಲಲು ಅವಕಾಶ ಕೊಟ್ಟಿತು. ಯಡಿಯೂರಪ್ಪನವರ ಪಕ್ಷದಿಂದ ಗೆದ್ದು ಬಂದವರಲ್ಲಿ ಹತ್ತು ಮಂದಿ 2020ರ ಫೆಬ್ರವರಿ 6ರಂದು ಸಚಿವರಾದರು. ಹೀಗಾದಾಗ ಖಾತೆ ಹಂಚುವವರ ಮುಂದೆ ಇರುವುದು ಋಣದ ಲೆಕ್ಕ. ಯಾರಿಗೆ ಯಾವ ವಿಷಯ ಗೊತ್ತು ಎಂಬುದು ಆಮೇಲಿನ ಮಾತು.

ಕೆಡವುವವರು ಮುಂದಿನ ಮುಖ್ಯಮಂತ್ರಿಯ ಹೆಸರನ್ನು ಅದೇ ಮತದಲ್ಲಿ ಹೇಳಬೇಕು ಎಂಬ ನಿಯಮ ಇದ್ದಿದ್ದರೆ ರಾಜೀನಾಮೆಗಳು ನಿಲ್ಲುತ್ತಿದ್ದವು ಎಂದು ಹೇಳಲಾರೆ. ಆದರೆ ಆ ಮೂರು ವಾರಗಳ ಶೂನ್ಯವಾದರೂ ಕಡಿಮೆಯಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯದು: ಹೊರಗಿನ ತಜ್ಞ

ನಮ್ಮ ಭಾಗದಲ್ಲಿ ಕೆರೆ ಏರಿಯ ಮೇಲೆ ಕೂತು ಮಾತಾಡಿದರೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, ಇನ್ನೊಬ್ಬ ವಿಶ್ವೇಶ್ವರಯ್ಯ ಹುಟ್ಟಿ ಬರಬೇಕು ಎಂದು. ಅವರ ಹುಟ್ಟೂರು ಮುದ್ದೇನಹಳ್ಳಿ ಇಲ್ಲೇ ಚಿಕ್ಕಬಳ್ಳಾಪುರದ ಪಕ್ಕದಲ್ಲಿದೆ, ಆ ಅಭಿಮಾನ ನನಗೂ ಇದೆ. ಆದರೆ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಉತ್ತರ ಕೊಡಬೇಕಾಗಿದ್ದದ್ದು ಮಹಾರಾಜರಿಗೆ. ಚುನಾಯಿತ ಸದನ ಅವರನ್ನು ಇಳಿಸುವ ಹಾಗಿರಲಿಲ್ಲ. ಸಂಸದೀಯ ಪದ್ಧತಿಯೊಳಗೆ ತಜ್ಞರನ್ನು ತರುವ ಬಗೆ ಬೇರೆ.

ನೆದರ್ಲೆಂಡ್ಸ್‌ನಲ್ಲಿ ಮಂತ್ರಿಯಾದವರು ಸಂಸತ್ ಸದಸ್ಯತ್ವ ಬಿಡಬೇಕು ಎಂಬುದೇ ಸಂವಿಧಾನ. ಹೀಗಾಗಿ ವಿಶ್ವವಿದ್ಯಾಲಯದಿಂದಲೋ ಆಡಳಿತ ಸೇವೆಯಿಂದಲೋ ಮಂತ್ರಿಗಳನ್ನು ಕರೆತರುವುದು ಅಲ್ಲಿ ಸಹಜ. ಆದರೆ 2021ರ ಚುನಾವಣೆಯ ನಂತರ ಸರ್ಕಾರ ಕೂಡಿಸುವುದಕ್ಕೆ 299 ದಿನ ಹಿಡಿಯಿತು. ಇಟಲಿಯಲ್ಲಿ 2011ರಲ್ಲಿ ಮಾರಿಯೊ ಮೋಂಟಿ ತಜ್ಞರದೇ ಸಂಪುಟ ಕಟ್ಟಿದರು. ಪಿಂಚಣಿ ಸುಧಾರಣೆಯಂಥ ಕಠಿಣ ಕೆಲಸ ಮಾಡಿದರು. 2013ರಲ್ಲಿ ಜನರ ಮುಂದೆ ಹೋದಾಗ ಅವರ ಕೂಟ ನಾಲ್ಕನೇ ಸ್ಥಾನಕ್ಕೆ ಇಳಿಯಿತು.

ನಮ್ಮ ಸಂವಿಧಾನ ನಡುದಾರಿ ಹಿಡಿದಿದೆ. ಸದಸ್ಯರಲ್ಲದವರೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಆರಿಸಿಬರಬೇಕು. 1991ರ ಜೂನ್‌ನಲ್ಲಿ ಮನಮೋಹನ್ ಸಿಂಗ್ ಹಣಕಾಸು ಮಂತ್ರಿಯಾದದ್ದು ಹೀಗೆ. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು, ಹಣಕಾಸು ಕಾರ್ಯದರ್ಶಿಯಾಗಿದ್ದವರು, ಇಲಾಖೆಯ ಒಳಹೊರಗು ಬಲ್ಲವರು. ಅದೇ ಅಕ್ಟೋಬರ್‌ನಲ್ಲಿ ಅಸ್ಸಾಮಿನಿಂದ ರಾಜ್ಯಸಭೆಗೆ ಬಂದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ನರಸಿಂಹ ರಾವ್ ಅವರದು ಅಲ್ಪಮತದ ಸರ್ಕಾರವಾಗಿ ಆರಂಭವಾದದ್ದು. ಸರ್ಕಾರದ ಬುಡ ಅಲ್ಲಾಡುತ್ತಿದ್ದರೂ ಹಣಕಾಸು ಖಾತೆಯನ್ನು ಐದು ವರ್ಷ ಯಾರೂ ಅಲ್ಲಾಡಿಸಲಿಲ್ಲ. ತಜ್ಞರ ಹಿಂದೆ ಪಳಗಿದ ರಾಜಕಾರಣಿ ನಿಂತರೆ ಈ ದಾರಿ ಫಲ ಕೊಡುತ್ತದೆ. ತಜ್ಞರನ್ನು ಒಂಟಿಯಾಗಿ ಬಿಟ್ಟರೆ ಕೊಡುವುದಿಲ್ಲ.

ನಮ್ಮ ನೀರಿನ ಒರೆಗಲ್ಲು

ಇಷ್ಟೆಲ್ಲ ದೇಶ ಸುತ್ತಿ ಬಂದ ಮೇಲೆ ನಮ್ಮ ಬರಪೀಡಿತ ಜಿಲ್ಲೆಗಳ ವಿಷಯಕ್ಕೆ ತಂದು ತಿಕ್ಕಿ ನೋಡಬೇಕು. 2013ರಿಂದ 2018ರವರೆಗೆ ಜಲಸಂಪನ್ಮೂಲ ಖಾತೆ ಎಂ.ಬಿ. ಪಾಟೀಲರ ಬಳಿಯೇ ಇತ್ತು. 2018ರಿಂದ 2023ರೊಳಗೆ ಅದೇ ಖಾತೆ ಡಿ.ಕೆ. ಶಿವಕುಮಾರ್, ರಮೇಶ ಜಾರಕಿಹೊಳಿ, ಗೋವಿಂದ ಕಾರಜೋಳ ಹೀಗೆ ಕೈಯಿಂದ ಕೈಗೆ ಹೋಯಿತು, ನಡುನಡುವೆ ಮುಖ್ಯಮಂತ್ರಿಗಳ ಬಳಿ ಉಳಿಯಿತು. ಪಶ್ಚಿಮ ಘಟ್ಟದ ನೀರನ್ನು ನಮ್ಮ ಜಿಲ್ಲೆಗಳಿಗೆ ತರುವ ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು. 24.01 ಟಿಎಂಸಿ ನೀರು, ಅಂದಿನ ಅಂದಾಜು 12,912 ಕೋಟಿ ರೂಪಾಯಿ. ಮೊದಲ ಹಂತದ ಪಂಪುಗಳು ಸಕಲೇಶಪುರದ ಬಳಿ ಚಾಲೂ ಆದದ್ದು 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ. ಅಷ್ಟರಲ್ಲಿ ಅಂದಾಜು 23,251 ಕೋಟಿಗೆ ಏರಿತ್ತು. ಭೂಸ್ವಾಧೀನ, ಅರಣ್ಯ ಅನುಮತಿ, ಹಸಿರು ನ್ಯಾಯಮಂಡಳಿಯ ವ್ಯಾಜ್ಯ ಎಲ್ಲವೂ ಈ ತಡಕ್ಕೆ ಕಾರಣ. ಬರೀ ಮಂತ್ರಿಗಳ ಬದಲಾವಣೆಯ ಮೇಲೆ ಹೊರೆ ಹಾಕುವುದು ನ್ಯಾಯವಲ್ಲ. ಆದರೆ ಪ್ರತಿಯೊಬ್ಬ ಹೊಸ ಸಚಿವರಿಗೂ ಅದೇ ಕಾಲುವೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು ಎಂಬುದೂ ಸುಳ್ಳಲ್ಲ.

ಪಕ್ಕದಲ್ಲಿ ಕೆ.ಸಿ. ವ್ಯಾಲಿ ಯೋಜನೆಯನ್ನು ಇಟ್ಟು ನೋಡಿ. 2016ರಲ್ಲಿ ಶಂಕುಸ್ಥಾಪನೆ, 2018ರ ಜೂನ್‌ನಲ್ಲಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅದು ಚಿಕ್ಕ ಯೋಜನೆ, ಕಾಡು ಕಡಿಯುವ ತಕರಾರು ಇಲ್ಲ, ನಿಜ. ಎರಡನೇ ಹಂತದ ಶುದ್ಧೀಕರಣಕ್ಕೇ ನಿಲ್ಲಿಸಿದ್ದಾರೆ ಎಂಬ ನಮ್ಮ ಜನರ ಆತಂಕ ಇಂದಿಗೂ ತೀರಿಲ್ಲ. ವೇಗಕ್ಕೆ ಬೆಲೆ ಕಟ್ಟುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಎರಡು ವರ್ಷದಲ್ಲಿ ನೀರು ಹರಿಯಿತು. ಆ ಎರಡು ವರ್ಷದಲ್ಲಿ, 2018ರ ಮೇ ಚುನಾವಣೆಯವರೆಗೆ, ಸರ್ಕಾರ ಅಲ್ಲಾಡಲಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು

ನಿಮ್ಮ ಊರಿಗೆ ಬೇಕಾದದ್ದು ಏನು ಎಂಬುದರ ಮೇಲೆ ಅದು ನಿಂತಿದೆ. ಒಂದು ಕಾನೂನು ಬದಲಾಗಬೇಕಾದರೆ ಗಟ್ಟಿ ಬಹುಮತವನ್ನು ಕೇಳಿ, ಮಂತ್ರಿ ಹೊಸಬರಾದರೂ ನಡೆದೀತು. ಹಣಕಾಸು ಕುಸಿದಾಗ, ಸಾಂಕ್ರಾಮಿಕ ಬಂದಾಗ ವಿಷಯ ಬಲ್ಲವರನ್ನು ಕೇಳಿ, ಅವರ ಹಿಂದೆ ನಿಲ್ಲುವ ನಾಯಕನನ್ನೂ ಕೇಳಿ. ಕಾಲುವೆ, ರೈಲು ಮಾರ್ಗ, ಆಸ್ಪತ್ರೆ, ಕೆರೆಗಳ ಜಾಲ ಇಂಥವಾದರೆ ನನ್ನ ಉತ್ತರ ಒಂದೇ: ಖಾತೆಯ ಆಯುಸ್ಸನ್ನು ಕೇಳಿ. ಪಕ್ಷ ಬದಲಾದರೂ ಪರವಾಗಿಲ್ಲ ಎನ್ನುವ ಮಟ್ಟಿಗೆ ನಾನು ಇದನ್ನು ಹೇಳುತ್ತೇನೆ.

ಎಷ್ಟು ಆಯುಸ್ಸು ಸಾಕು? ನಾನು ವರ್ಷದ ಬದಲು ಬಜೆಟ್‌ನಲ್ಲಿ ಎಣಿಸುತ್ತೇನೆ. ಸಚಿವರು ಬಂದಾಗ ನಡೆಯುತ್ತಿರುವುದು ಹಿಂದಿನವರ ಬಜೆಟ್. ಮೊದಲ ಸಲ ತಾವೇ ಬೇಡಿಕೆ ಸಿದ್ಧಪಡಿಸುವಾಗ ಅಧಿಕಾರಿಗಳು ತಂದದ್ದಕ್ಕೆ ಸಹಿ ಹಾಕುತ್ತಾರೆ. ಎರಡನೆಯ ಸಲ ಪ್ರಶ್ನೆ ಕೇಳುತ್ತಾರೆ. ಮೂರನೆಯ ಸಲ ಮೊದಲಿನದರ ಫಲ ಕಣ್ಣಮುಂದೆ ಇರುತ್ತದೆ. ಆದ್ದರಿಂದ ಮೂರು ಬಜೆಟ್. ನಮ್ಮ ರಾಜ್ಯದ ಹಣಕಾಸು ಖಾತೆ ಇದಕ್ಕೆ ಒಳ್ಳೆಯ ನಿದರ್ಶನ. ಸಿದ್ದರಾಮಯ್ಯ 2025ರ ಮಾರ್ಚ್‌ನಲ್ಲಿ ಮಂಡಿಸಿದ್ದು ಅವರ 16ನೇ ಬಜೆಟ್. ಅವರ ನೀತಿಗಳನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಲೆಕ್ಕದ ಮೇಲಿನ ಹಿಡಿತವನ್ನು ಯಾರೂ ಅಲ್ಲಗಳೆಯುವುದಿಲ್ಲ.

ಒಬ್ಬರೇ ಬಹುಕಾಲ ಕೂತರೆ ಇಲಾಖೆ ಅವರ ಸ್ವಂತ ಜಹಗೀರು ಆಗುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆಗುತ್ತದೆ, ಸದನ ಕಣ್ಣು ಮುಚ್ಚಿದರೆ. ಪ್ರಶ್ನೋತ್ತರ, ಅಂದಾಜು ಸಮಿತಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇರುವುದು ಅದಕ್ಕೇ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಕಾನೂನು ಮಾಡಿಕೊಂಡಿದೆ, ಅದನ್ನು ಪಾಲಿಸದ ವರ್ಷಗಳೇ ಹೆಚ್ಚು. ಮಂತ್ರಿಯನ್ನು ಹದ್ದುಬಸ್ತಿನಲ್ಲಿಡಲು ಪದೇ ಪದೇ ಎತ್ತಂಗಡಿ ಮಾಡುವುದು ಸರಿಯಾದ ಮದ್ದಲ್ಲ. ಅವರನ್ನು ಸದನದಲ್ಲಿ ಎದ್ದು ನಿಲ್ಲಿಸಿ ಉತ್ತರ ಕೇಳುವುದು ಮದ್ದು. ಹಾಗೆಯೇ ಇಲಾಖೆಯ ಕಾರ್ಯದರ್ಶಿಯ ಅವಧಿಯನ್ನೂ ನೋಡಿ. ಅಧಿಕಾರಿಗಳಿಗೆ ಕನಿಷ್ಠ ನಿಗದಿತ ಅವಧಿ ಇರಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಂತ್ರಿ ಹೊಸಬರು, ಕಾರ್ಯದರ್ಶಿಯೂ ಹೊಸಬರು ಎಂದಾದರೆ ಇಲಾಖೆಯ ನೆನಪು ಉಳಿಯುವುದು ಗುಮಾಸ್ತರ ಕಪಾಟಿನಲ್ಲಿ ಮಾತ್ರ.

ಮತ ಕೇಳಲು ಬಂದವರನ್ನು ನೀವು ಸಚಿವರಾಗುತ್ತೀರಾ ಎಂದು ನಮ್ಮ ಜನ ಆಸೆಯಿಂದ ಕೇಳುತ್ತಾರೆ. ಅದರ ಜೊತೆಗೆ, ಯಾವ ಖಾತೆ ಕೊಟ್ಟರೆ ನಡೆಸಬಲ್ಲಿರಿ, ಅದರಲ್ಲಿ ಈವರೆಗೆ ಏನು ಕಲಿತಿದ್ದೀರಿ, ನಡುವೆ ಬೇರೆ ಖಾತೆ ಕೊಟ್ಟರೆ ಒಪ್ಪುತ್ತೀರಾ ಎಂದೂ ಕೇಳಬಹುದು.

ನನ್ನ ವಿದ್ಯಾರ್ಥಿಗಳು ಚರ್ಚೆಗೆಂದು ಒಂದು ಡ್ರಾಯಿಂಗ್ ಹಾಳೆಯ ಮೇಲೆ ನಮ್ಮ ತಾಲ್ಲೂಕಿಗೆ ಸಂಬಂಧಪಟ್ಟ ಆರು ಖಾತೆಗಳನ್ನು ಬರೆದು, ಪ್ರತಿ ಸಚಿವರಿಗೂ ಅವರು ಇದ್ದ ತಿಂಗಳಷ್ಟು ಉದ್ದದ ಗೆರೆ ಎಳೆದರು. ಹಾಳೆಯ ತುಂಬ ತುಂಡು ತುಂಡು ಗೆರೆಗಳು. ಅದನ್ನು ನೋಡಿದ ಆ ವಿದ್ಯಾರ್ಥಿನಿಯೇ ನನ್ನ ನೀಲಿ ಫೈಲ್ ತರಿಸಿಕೊಂಡು ಓದಿ, "ಸರ್, ಅರ್ಜಿಯಲ್ಲಿ ಬೇಡಿಕೆ ಮಾತ್ರ ಇದೆ, ಇದುವರೆಗೆ ಏನೇನಾಯಿತು ಎಂಬುದು ಎಲ್ಲೂ ಇಲ್ಲವಲ್ಲ" ಎಂದಳು. ಇಪ್ಪತ್ತು ವರ್ಷ ರಾಜ್ಯಶಾಸ್ತ್ರ ಹೇಳಿಕೊಟ್ಟ ನನಗೆ ಅದು ತೋಚಿರಲಿಲ್ಲ. ಆರನೆಯ ಅರ್ಜಿಯ ಮೊದಲ ಪುಟವನ್ನು ಅವಳೇ ಸಿದ್ಧಪಡಿಸಿದ್ದಾಳೆ: ಅಚ್ಚುಕಟ್ಟಿನ ಎಕರೆ, ಐದು ಸ್ವೀಕೃತಿಗಳ ತಾರೀಖು, ಪರಿಷ್ಕೃತ ಅಂದಾಜು ಪಟ್ಟಿಯ ಸಂಖ್ಯೆ, ಅದು ಯಾವ ವರ್ಷದ ದರಪಟ್ಟಿಯ ಮೇಲೆ ಆದದ್ದು. ಸಚಿವರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದಾಳೆ, ಹೋಗುವ ದಿನ ಕೈಯಲ್ಲಿ ಬರೆಯುವುದಕ್ಕೆ.